ಮನಸ್ಸಿಗೂ ಪ್ಲಾಟ್‌ಫಾರ್ಮ್ ಸಂದಿಗೂ ಏನು ನಂಟು?

ಪ್ರಶ್ನೆ: ಲಂಡನ್ನಿನಲ್ಲಿರುವ ಮಗಳು ಒಂದು ಕಾಫಿ ಮಗ್ ಕಳಿಸಿದ್ದಾಳೆ. ಅದರ ಮೇಲೆ ‘ಮೈಂಡ್ ದ ಗ್ಯಾಪ್’ ಅಂತ ಬರೆದಿದೆ. ಅಲ್ಲಿನ ರೈಲಿನಲ್ಲಿ ಹೀಗೆ ಕೂಗುತ್ತಾರಂತೆ. ಮೈಂಡ್ ಅಂದರೆ ಮನಸ್ಸು ಅಲ್ವಾ? ಅದು ‘ಎಚ್ಚರ’ ಆಗಿದ್ದು ಹೇಗೆ? ‘ಐ ಡೋಂಟ್ ಮೈಂಡ್’ ಅಂದಾಗ ಮತ್ತೆ ಬೇರೆ ಅರ್ಥ. ಕನ್ನಡದಲ್ಲಿ ಇದಕ್ಕೆ ಏನನ್ನಬೇಕು?
— ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗಕ್ಕೇ ಹೋಗಿದೆ. ಮೈಂಡ್ ಮತ್ತು ನಮ್ಮ ಮನಸ್ಸು ದೂರದ ನೆಂಟರು. ನಾವು ಸಂಸ್ಕೃತದಿಂದ ತಂದುಕೊಂಡ ‘ಮನಸ್’, ಲ್ಯಾಟಿನ್ನಿನ ‘ಮೆನ್ಸ್’, ಇಂಗ್ಲಿಷಿನ ಮೈಂಡ್, ಮೂರಕ್ಕೂ ಬೇರು ಒಂದೇ. ಆದರೆ ಹಳೆಯ ಇಂಗ್ಲಿಷಿನಲ್ಲಿ ಈ ಪದದ ಮುಖ್ಯ ಅರ್ಥ ‘ನೆನಪು’. ಆ ಅರ್ಥ ಸತ್ತಿಲ್ಲ. ನಿಮ್ಮ ಫೋನಿನ ರಿಮೈಂಡರ್‌ನಲ್ಲೇ ಕೂತಿದೆ: ಮತ್ತೊಮ್ಮೆ ನೆನಪಿಗೆ ತರುವುದು. ಸ್ಕಾಟ್ಲೆಂಡಿನವರು ಇವತ್ತಿಗೂ ‘ನೆನಪಿದೆಯಾ?’ ಅನ್ನೋದಕ್ಕೆ ಮೈಂಡ್ ಬಳಸುತ್ತಾರೆ.

ನೆನಪಿನಲ್ಲಿ ಇಟ್ಟುಕೊಂಡಿದ್ದರ ಮೇಲೆ ಗಮನ ಇರುತ್ತದೆ. ಗಮನ ಇದ್ದ ಕಡೆ ಕಾಳಜಿ ಬರುತ್ತದೆ, ಎಚ್ಚರವೂ ಬರುತ್ತದೆ. ಪದ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ. ಬ್ರಿಟನ್ನಿನಲ್ಲಿ ಮಗು ನೋಡಿಕೊಳ್ಳುವವರು ‘ಚೈಲ್ಡ್‌ಮೈಂಡರ್’. ತಗ್ಗು ಬಾಗಿಲಿನ ಮೇಲೆ ‘ಮೈಂಡ್ ಯುವರ್ ಹೆಡ್’ ಅಂತ ಬೋರ್ಡ್ ಇರುತ್ತದೆ. ನಮ್ಮ ಹಳೇ ಮನೆಗಳಲ್ಲಿ ಅಜ್ಜಿ ‘ಬಗ್ಗಿ ಬಾ, ತಲೆ ಜೋಕೆ’ ಅನ್ನುತ್ತಿದ್ದರಲ್ಲ, ಅದೇ ಮಾತು.

ಒಂದೇ ಪದ ಕಾಳಜಿಗೂ ಎಚ್ಚರಿಕೆಗೂ ಹೇಗೆ ಆಗುತ್ತದೆ ಅನ್ನಿಸಿದರೆ ನಮ್ಮ ‘ನೋಡ್ಕೋ’ ತಗೊಳ್ಳಿ. ‘ಮಗು ನೋಡ್ಕೋ’ ಅಂದರೆ ಕಾಳಜಿ. ‘ನೋಡ್ಕೊಂಡು ಹೋಗು, ಗುಂಡಿ ಇದೆ’ ಅಂದರೆ ಎಚ್ಚರಿಕೆ. (‘ನಿನ್ನ ನೋಡ್ಕೋತೀನಿ’ ಅಂದರೆ ಬೆದರಿಕೆ. ಇಂಗ್ಲಿಷಿನವರ ಮೈಂಡ್ ಪಾಪ ಅಲ್ಲಿಯವರೆಗೆ ಹೋಗಿಲ್ಲ.)

ಇನ್ನು ನಿಮ್ಮ ಮಗ್ ಮೇಲಿನ ಮಾತು. ಊಟದ ತಟ್ಟೆಯ ಅಂಚಿಗೆ ಒಂದು ಸ್ಕೇಲ್ ತಾಗಿಸಿ ನೋಡಿ. ನಡುವೆ ತಾಗುತ್ತದೆ, ಎರಡೂ ತುದಿಯಲ್ಲಿ ಸಂದು ಬೀಳುತ್ತದೆ. ರೈಲಿನ ಬೋಗಿ ನೇರ, ಪ್ಲಾಟ್‌ಫಾರ್ಮ್ ಬಾಗಿದ್ದು, ಕಥೆ ಇಷ್ಟೇ. ಲಂಡನ್ನಿನ ಎಂಬ್ಯಾಂಕ್‌ಮೆಂಟ್ ನಿಲ್ದಾಣದಲ್ಲಿ ನಾರ್ದರ್ನ್ ಲೈನ್ ಎಂಬ ಸುರಂಗ ರೈಲು ಮಾರ್ಗ 1914ರಲ್ಲಿ ಬಂದಾಗ ರೈಲುಗಳು ಒಂದು ಸುತ್ತು ಹೊಡೆದು ಹಿಂದಿರುಗುತ್ತಿದ್ದವು. ಉತ್ತರಕ್ಕೆ ಹೋಗುವ ಪ್ಲಾಟ್‌ಫಾರ್ಮ್ ಇವತ್ತಿಗೂ ಆ ಸುತ್ತಿನ ತುಂಡಿನ ಮೇಲೇ ಇದೆ. ಹಾಗಾಗಿ ಅಲ್ಲಿ ಸಂದು ಜಾಸ್ತಿ.

ಮೊದಲು ಸಿಬ್ಬಂದಿಯೇ ಬಾಯಲ್ಲಿ ಎಚ್ಚರಿಸುತ್ತಿದ್ದರು. ಅದು ಕಷ್ಟವಾಗಿ, 1968ರ ಸುಮಾರಿಗೆ ಧ್ವನಿ ಮುದ್ರಿಸಿ ಕೇಳಿಸುವ ಯೋಚನೆ ಬಂತು. ಆಗ ಧ್ವನಿಯನ್ನು ಡಿಜಿಟಲ್ ಆಗಿ ಕೂಡಿಡುವುದು ತುಂಬಾ ದುಬಾರಿ. ಒಂದೊಂದು ಪದಕ್ಕೂ ದುಡ್ಡು. ಅದಕ್ಕೇ ‘ದಯವಿಟ್ಟು’ ಕೂಡ ಇಲ್ಲದ ಮೂರು ಪುಟ್ಟ ಪದ. ಪ್ಲಾಟ್‌ಫಾರ್ಮ್ ಅಂಚಿನಲ್ಲಿ ಬಣ್ಣದಲ್ಲಿ ಬರೆಯಲೂ ಸಲೀಸು.

ಎಂಬ್ಯಾಂಕ್‌ಮೆಂಟಿನಲ್ಲಿ ಬಹುಕಾಲ ಕೇಳುತ್ತಿದ್ದುದು ಆಸ್ವಾಲ್ಡ್ ಲಾರೆನ್ಸ್ ಎಂಬ ನಟನ ಧ್ವನಿ. ಅವರು 2007ರಲ್ಲಿ ತೀರಿಕೊಂಡರು. ಆಮೇಲೆ ಹೆಂಡತಿ ಮಾರ್ಗರೆಟ್ ಮೆಕಾಲಮ್ ಆ ಪ್ಲಾಟ್‌ಫಾರ್ಮಿಗೆ ಹೋಗಿ ಕೂರುತ್ತಿದ್ದರು. ಒಂದು ರೈಲು ಬಿಟ್ಟು ಇನ್ನೊಂದಕ್ಕೆ ಕಾಯುತ್ತಿದ್ದರು, ಗಂಡನ ದನಿ ಇನ್ನೊಮ್ಮೆ ಕೇಳಲು. 2012ರ ನವೆಂಬರಿನಲ್ಲಿ ಹೋದಾಗ ಬೇರೆ ಧ್ವನಿ ಇತ್ತು. ಅವರು ಕೇಳಿಕೊಂಡ ಮೇಲೆ ರೈಲಿನವರು ಮುದ್ರಿಕೆಯ ಪ್ರತಿ ಕೊಟ್ಟಿದ್ದಲ್ಲದೆ, 2013ರಲ್ಲಿ ಆ ಒಂದು ನಿಲ್ದಾಣದಲ್ಲಿ ಹಳೆಯ ಧ್ವನಿಯನ್ನೇ ವಾಪಸ್ ತಂದರು. ಮೈಂಡ್ ಪದದ ಮೂಲ ಅರ್ಥ ನೆನಪು ಅಂದೆನಲ್ಲ, ಇದನ್ನು ಓದಿದಾಗೆಲ್ಲ ನನಗೆ ಅದು ತಲೆಗೆ ಬರುತ್ತದೆ.

ಅಮೆರಿಕದವರಿಗೆ ಈ ಅರ್ಥದ ಮೈಂಡ್ ಅಷ್ಟು ಬಳಕೆಯಿಲ್ಲ. ನ್ಯೂಯಾರ್ಕಿನ ಲಾಂಗ್ ಐಲೆಂಡ್ ರೈಲಿನಲ್ಲಿ ‘ವಾಚ್ ದ ಗ್ಯಾಪ್’. ದೆಹಲಿ ಮೆಟ್ರೋ ಮಾತ್ರ ಲಂಡನ್ನಿನ ಮಾತಿಗೆ ‘ಪ್ಲೀಸ್’ ಸೇರಿಸಿಕೊಂಡಿದೆ.

‘ಐ ಡೋಂಟ್ ಮೈಂಡ್’ ಕೂಡ ಇದೇ ದಾರಿಯಲ್ಲಿ ಹುಟ್ಟಿದ್ದು: ಅದು ನನಗೆ ಚಿಂತೆಯ ವಿಷಯವಲ್ಲ, ಹಾಗಾಗಿ ಅಡ್ಡಿಯಿಲ್ಲ. ನಾವೂ ‘ಮೈಂಡ್ ಮಾಡ್ಬೇಡಿ’ ಅಂತೀವಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ. ಇಲ್ಲೊಂದು ಕಡೆ ಮಾತ್ರ ಹುಷಾರು. ‘ಡೂ ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಅಂತ ಯಾರಾದರೂ ಕೇಳಿದರೆ ಒಪ್ಪಿಗೆಗೆ ‘ನೋ’ ಅನ್ನಬೇಕು. ನಾನೊಮ್ಮೆ ರೈಲಿನಲ್ಲಿ ಬಹಳ ಪ್ರೀತಿಯಿಂದ ‘ಯೆಸ್, ಯೆಸ್’ ಅಂದೆ. ಆ ಅಜ್ಜ ಬ್ಯಾಗ್ ಎತ್ತಿಕೊಂಡು ಮುಂದೆ ಹೋಗೇಬಿಟ್ಟರು. ಕೂಗಿ ಕರೆಯುವಷ್ಟರಲ್ಲಿ ಬೋಗಿ ದಾಟಿದ್ದರು.

ಕನ್ನಡಕ್ಕೆ ‘ಅಂತರವನ್ನು ಗಮನಿಸಿ’ ಅಂದರೆ ತಪ್ಪಿಲ್ಲ. ಆದರೆ ಜಮೀನು ಅಳೆಯಲು ಹೇಳಿದ ಹಾಗಿದೆ. ಕಾಲು ಎತ್ತಿಡುವ ಹೊತ್ತಿನಲ್ಲಿ ಅಷ್ಟುದ್ದ ಕೇಳಿಸಿಕೊಳ್ಳುವವರು ಯಾರು? ನನ್ನ ಕೇಳಿದರೆ ‘ಸಂದು, ಜೋಕೆ’. ಅವರದ್ದಕ್ಕಿಂತ ಒಂದು ಪದ ಕಮ್ಮಿಯೇ ಆಯಿತು.