ಆ ಕಲೆಗಳು ಅವಳ ಕೈಯಿಂದಾದವಲ್ಲ

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ. ಐದು ವರ್ಷದ ಮಗನಿಗೆ ಎ.ಎಲ್.ಎಲ್. ಎಂಬ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಗಿ ಎಂಟು ತಿಂಗಳಾಯಿತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದ್ದು, ನಾನು ಅವನೊಂದಿಗೆ ಧರ್ಮಶಾಲೆಯಲ್ಲಿದ್ದೇನೆ. ಊರಿಗೆ ಹೋದದ್ದು ಎರಡೇ ಸಲ. ಪತಿ ಮೆಣಸಿನಕಾಯಿ ಹೊಲ ಬಿಟ್ಟು ಬರುವಂತಿಲ್ಲ. ಹನ್ನೊಂದು ವರ್ಷದ ಮಗಳನ್ನು ಅತ್ತೆ ನೋಡಿಕೊಳ್ಳುತ್ತಿದ್ದಾರೆ. ಭುಜದ ನೋವಿನಿಂದ ಅವರಿಗೆ ಕೈ ಮೇಲೆತ್ತಲಾಗುವುದಿಲ್ಲ, ಆದರೂ ಹೇಗೋ ನಿಭಾಯಿಸುತ್ತಾರೆ. ಮಗಳಿಗೆ ‘ತಮ್ಮನಿಗೆ ರಕ್ತ ಕಡಿಮೆಯಾಗಿದೆ’ ಎಂದಷ್ಟೇ ಹೇಳಿದ್ದೇವೆ. ಮೊದಮೊದಲು ಅವನ ಕಾಲಿನಲ್ಲಿ ನೀಲಿ ಕಲೆಗಳು ಕಂಡಾಗ ಇವಳೇ ಹೊಡೆದಿರಬೇಕೆಂದು ಬೈದಿದ್ದೆವು. ಕಳೆದ ತಿಂಗಳು ಸೊಂಟದವರೆಗಿದ್ದ ಜಡೆಯನ್ನು ತಾನೇ ಕತ್ತರಿಸಿಕೊಂಡಳು, ಅಜ್ಜಿ ಹೊಡೆದರು. ಈಗ ಫೋನಿನಲ್ಲೂ ನನ್ನೊಡನೆ ಮಾತನಾಡುವುದಿಲ್ಲ. ತಮ್ಮನಿಗೆ ಬರುವ ಆಟಿಕೆಗಳನ್ನು ಕಂಡು ಹೊಟ್ಟೆಕಿಚ್ಚು, ಹಾಸ್ಟೆಲಿಗೆ ಸೇರಿಸೋಣ ಎನ್ನುತ್ತಾರೆ ಪತಿ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಓದಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಜಡೆಯ ವಿಷಯವಲ್ಲ, ನೀವು ಅಷ್ಟೇನೂ ಮುಖ್ಯವಲ್ಲವೆಂಬಂತೆ ದಾಟಿಕೊಂಡು ಹೋದ ಒಂದು ವಾಕ್ಯ: ಕಲೆಗಳನ್ನು ಕಂಡು ಮಗಳನ್ನು ಬೈದಿರಿ. ಮೂಳೆಯ ಮಜ್ಜೆಯಲ್ಲಿ ರೋಗದ ಕಣಗಳು ತುಂಬಿಕೊಂಡಾಗ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಎಂಬ ಕಣಗಳು ತಗ್ಗಿ, ಪೆಟ್ಟೇ ಬೀಳದಿದ್ದರೂ ಚರ್ಮದಡಿ ರಕ್ತ ಒಸರಿ ನೀಲಿಗಟ್ಟುತ್ತದೆ ಎಂಬುದನ್ನು ನೀವು ಈ ಎಂಟು ತಿಂಗಳಲ್ಲಿ ವೈದ್ಯರಿಂದ ಕೇಳಿ ತಿಳಿದಿದ್ದೀರಿ. ಮಗಳಿಗೆ ಅದನ್ನು ಯಾರು ಹೇಳಿದ್ದಾರೆ? ಅವಳು ಕಂಡದ್ದು ಇಷ್ಟೇ: ತಮ್ಮನ ಕಾಲು ನೀಲಿಗಟ್ಟಿತು, ಎಲ್ಲರೂ ತನ್ನನ್ನು ಬೈದರು, ಆಮೇಲೆ ಅಮ್ಮ ಅವನನ್ನು ಎತ್ತಿಕೊಂಡು ಬೆಂಗಳೂರಿಗೆ ಹೋದಳು, ಹೋದವಳು ಮನೆಗೆ ಬಂದದ್ದು ಎರಡೇ ಸಲ. ಇದರ ಮೇಲೆ ‘ರಕ್ತ ಕಡಿಮೆಯಾಗಿದೆ’ ಎಂಬ ನಿಮ್ಮ ಮಾತು ಬೇರೆ. ಹೊಡೆದರೆ ರಕ್ತ ಹೋಗುತ್ತದೆಂಬುದು ಎಂಥ ಮಗುವಿಗೂ ಗೊತ್ತು. ಅವಳು ಹೀಗೆಯೇ ಯೋಚಿಸುತ್ತಿದ್ದಾಳೆಂದು ಇಲ್ಲಿ ಕುಳಿತು ಆಣೆಯಿಟ್ಟು ಹೇಳಲಾರೆ. ಆದರೆ ಹೊಟ್ಟೆಕಿಚ್ಚು ಎಂಬ ತೀರ್ಪಿಗೆ ಬರುವ ಮೊದಲು ಈ ಸಾಧ್ಯತೆಯನ್ನು ನೀವಿಬ್ಬರೂ ಎದುರಿಸಲೇಬೇಕು.

ಅವಳಿಗೆ ನಿಜ ಹೇಳಿ, ಕ್ಯಾನ್ಸರ್ ಎಂಬ ಹೆಸರನ್ನೇ ಹಿಡಿದು ಹೇಳಿ. ‘ದೊಡ್ಡ ರೋಗವಂತೆ’ ಎಂದು ಊರಿನವರು ಪಿಸುಗುಟ್ಟುವುದು ಅವಳ ಕಿವಿಗೆ ಬೀಳದೆ ಇರುತ್ತದೆಯೇ? ಕಲೆಗಳು ರೋಗದಿಂದಾದವು, ನಿನ್ನ ಕೈಯಿಂದಲ್ಲ. ಇದು ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಅಂಟುವುದಿಲ್ಲ. ನಿನ್ನನ್ನು ಬೈದದ್ದು ನಮ್ಮ ತಪ್ಪು ಎಂದು ಹೇಳಿ. ಕೊನೆಯ ಮಾತೇ ಕಷ್ಟದ್ದು. ನಮ್ಮಲ್ಲಿ ಹೆತ್ತವರು ಮಕ್ಕಳೆದುರು ತಪ್ಪೊಪ್ಪಿಕೊಳ್ಳುವ ವಾಡಿಕೆಯೇ ಇಲ್ಲ, ಆದ್ದರಿಂದ ಬೈದಾಗ ಜೊತೆಗಿದ್ದ ನಿಮ್ಮ ಪತಿಯೂ ಆ ಹೊತ್ತಿನಲ್ಲಿ ಪಕ್ಕದಲ್ಲಿರಲಿ. ‘ತಮ್ಮ ಸಾಯುತ್ತಾನಾ?’ ಎಂದು ಅವಳು ಕೇಳಿದರೆ ಬಾಯಿ ಮುಚ್ಚಿಸಬೇಡಿ. ಈ ಬಗೆಯ ಕ್ಯಾನ್ಸರಿನಿಂದ ಬಹಳಷ್ಟು ಮಕ್ಕಳು ಗುಣವಾಗುತ್ತಾರೆ, ಅದಕ್ಕಾಗಿಯೇ ಇಷ್ಟು ದೀರ್ಘವಾದ ಚಿಕಿತ್ಸೆ ಎನ್ನಿ. ಅದಕ್ಕಿಂತ ಹೆಚ್ಚಿನ ಭರವಸೆ ನಿಮ್ಮ ಕೈಯಲ್ಲಿಲ್ಲದಿದ್ದರೆ ಕೊಡಬೇಡಿ.

ಹಾಸ್ಟೆಲಿನ ಮಾತನ್ನು ಸದ್ಯಕ್ಕೆ ಬಿಟ್ಟುಬಿಡಿ. ಎ.ಎಲ್.ಎಲ್. ಚಿಕಿತ್ಸೆ ಒಟ್ಟು ಎರಡು, ಎರಡೂವರೆ ವರ್ಷ ಹಿಡಿದರೂ, ಅದರ ಕಠಿಣ ಘಟ್ಟ ಸಾಮಾನ್ಯವಾಗಿ ಮೊದಲ ಆರೆಂಟು ತಿಂಗಳು. ಆಮೇಲಿನ ಮೇಂಟೆನೆನ್ಸ್ ಹಂತದಲ್ಲಿ ದಿನದ ಮಾತ್ರೆ, ವಾರಕ್ಕೊಮ್ಮೆಯ ಮಾತ್ರೆಗಳನ್ನು ಮನೆಯಲ್ಲಿಯೇ ಕೊಟ್ಟು, ನಿಗದಿಯಾದ ದಿನಗಳಂದು ಆಸ್ಪತ್ರೆಗೆ ಹೋಗಿಬರುವುದಿರುತ್ತದೆ. ನಿಮ್ಮ ಮಗ ಆ ಹಂತಕ್ಕೆ ಯಾವಾಗ ಬರುತ್ತಾನೆಂದು ವೈದ್ಯರನ್ನೇ ಕೇಳಿ. ಅಂದರೆ ನೀವು ಮನೆಗೆ ಮರಳುವ ದಿನ ಸಮೀಪಿಸುತ್ತಿರುವಾಗಲೇ ಮಗಳನ್ನು ಮನೆಯಿಂದ ಕಳುಹಿಸಿದಂತಾಗುತ್ತದೆ, ಅದನ್ನು ಅವಳು ಶಿಕ್ಷೆಯೆಂದಲ್ಲದೆ ಬೇರೇನೆಂದೂ ಓದಿಕೊಳ್ಳಲಾರಳು. ಮನೆಗೆ ಬಂದ ಮೇಲೂ ಮಗನ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕಾಗುತ್ತದೆ ಎಂಬುದನ್ನು ಅವಳಿಗೆ ಮುಂಚೆಯೇ ತಿಳಿಸಿಡಿ. ಬೆಳಿಗ್ಗೆ ಎದ್ದಾಗ ಖಾಲಿ ಹಾಸಿಗೆ ಕಾಣುವುದು ಇನ್ನೊಮ್ಮೆ ಆಗುವುದು ಬೇಡ.

ಅದಕ್ಕೂ ಮೊದಲು ಒಂದು ರಜೆಯಲ್ಲಿ ತಂದೆ ಅವಳನ್ನು ಬೆಂಗಳೂರಿಗೆ ಕರೆತರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವಳಿಗೆ ಟಿಕೆಟ್ ಖರ್ಚಿಲ್ಲ. ಅವಳಿಗೆ ನೆಗಡಿ, ಜ್ವರ ಇರಬಾರದು. ತರಗತಿಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಎದ್ದಿದ್ದರೆ ಹೊರಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ವಾರ್ಡಿನೊಳಗೆ ಬಿಡದಿದ್ದರೆ ಹೊರಗಾದರೂ ಅಕ್ಕ ತಮ್ಮನಂತೆ ಜಗಳವಾಡಲು ಬಿಡಿ. ಆಟಿಕೆಯ ವಿಷಯ ಸಣ್ಣದು, ತರುವ ನೆಂಟರಿಗೆ ಎರಡು ಮಾತು ಹೇಳಿದರೆ ಮುಗಿಯಿತು. ಆದರೆ ‘ನೀನು ದೊಡ್ಡವಳು, ತಿಳಿವಳಿಕೆಯವಳು’ ಎಂಬ ಹೊಗಳಿಕೆಯನ್ನು ಮಾತ್ರ ಎಲ್ಲರೂ ನಿಲ್ಲಿಸಲಿ. ಅದು ಹನ್ನೊಂದು ವರ್ಷದ ಹೆಗಲಿಗೆ ಹೊರಿಸುವ ಹೊರೆ. ಅವಳು ಊಟ ಬಿಟ್ಟರೆ, ಸಾಯುವ ಮಾತಾಡಿದರೆ, ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಹಾನ್ಸ್‌ನ ಮಕ್ಕಳ ವಿಭಾಗವೂ ಬೆಂಗಳೂರಿನಲ್ಲಿಯೇ ಇದೆ.

ಇನ್ನು ಜಡೆ. ಅತ್ತೆಯವರಿಗೆ ಕೈ ಮೇಲೆತ್ತಲಾಗುವುದಿಲ್ಲವೆಂದು ನೀವೇ ಬರೆದಿದ್ದೀರಿ. ಹಾಗಾದರೆ ಎಂಟು ತಿಂಗಳಿಂದ ಆ ಸೊಂಟದುದ್ದದ ಕೂದಲಿನ ಸಿಕ್ಕು ಬಿಡಿಸಿ, ಶಾಲೆಗೆ ಜಡೆ ಹೆಣೆದು ರಿಬ್ಬನ್ ಕಟ್ಟುತ್ತಿದ್ದವರು ಯಾರು? ತಮ್ಮನ ಬೋಳುತಲೆಯ ಸಂಕಟಕ್ಕೆ ಕತ್ತರಿಸಿಕೊಂಡಳೋ, ಬಾಚಲು ಯಾರೂ ಇಲ್ಲವೆಂದು ಕತ್ತರಿಸಿಕೊಂಡಳೋ ಅವಳೇ ಹೇಳಬೇಕು. ಮುಂದಿನ ಸಲ ಸಿಕ್ಕಾಗ ಕೂದಲಿನ ಓರೆಕೋರೆಯನ್ನು ಸಮ ಮಾಡಿಸಿ, ಎಣ್ಣೆ ಹಚ್ಚಲು ಎದುರು ಕೂರಿಸಿಕೊಳ್ಳಿ. ಆಗ ಅವಳ ಬೆನ್ನು ನಿಮ್ಮ ಕಡೆಗಿರುತ್ತದೆ, ಮುಖ ನೋಡಿ ಮಾತನಾಡುವ ಕಷ್ಟ ಇಬ್ಬರಿಗೂ ಇರುವುದಿಲ್ಲ. ಕಲೆಗಳ ಮಾತನ್ನು ಅಲ್ಲಿಯೇ ತೆಗೆಯಿರಿ.