ಬಯಲಲ್ಲಿ 16 ಅಡಿ ಪರದೆಗೆ 5000 ಲ್ಯೂಮೆನ್ಸ್ ಪ್ರೊಜೆಕ್ಟರ್ ಸಾಕಾ?
ಖಾಲಿ ಮೈದಾನ, ಇನ್ನೂರು ಜನ, ಪೈಪ್ ಫ್ರೇಮಿಗೆ ಬಟ್ಟೆ ಪರದೆ. ಮೊದಲ ಸಲ ನಾನೂ ಇದೇ ಲ್ಯೂಮೆನ್ಸ್ (ಪ್ರೊಜೆಕ್ಟರ್ ಚೆಲ್ಲೋ ಬೆಳಕಿನ ಅಳತೆ) ಲೆಕ್ಕದಲ್ಲೇ ಮುಳುಗಿದ್ದೆ. ನನ್ನ ಕೇಳಿದ್ರೆ, ಅದು ಚಿಂತೆ ಮಾಡೋ ವಿಷಯವೇ ಅಲ್ಲ. ಪೂರ್ತಿ ಕತ್ತಲಾದ ಮೇಲೆ ನಿಜವಾದ 3000 ಸಾಕು. 16 ಅಡಿ ಅಗಲ, 9 ಅಡಿ ಎತ್ತರ ಅಂದ್ರೆ 144 ಚದರಡಿ, ಚದರಡಿಗೆ ಸುಮಾರು 21 ಲ್ಯೂಮೆನ್ಸ್ ಬೀಳುತ್ತೆ. ಥಿಯೇಟರಿನ ಪರದೆಗೇ 14 ಇದ್ರೆ ಆಯ್ತು. ಮುಸ್ಸಂಜೆಯಲ್ಲೇ ಶುರು ಮಾಡಿದ್ರೆ ಮಾತ್ರ 5000 ಇದ್ರೂ ಮಂಕೇ.

ನಾನು ಸೋತಿದ್ದು ಗಾಳಿಗೆ. ಸುಕ್ಕು ಕಾಣಬಾರದು ಅಂತ ಅಡಿಗೊಂದು ಐಲೆಟ್ (ಹಗ್ಗ ಪೋಣಿಸೋ ಲೋಹದ ಉಂಗುರ) ಹಾಕಿಸಿ, ನಾಲ್ಕೂ ಕಡೆ ನೈಲಾನ್ ಹಗ್ಗದಲ್ಲಿ ತಮಟೆ ಥರ ಬಿಗಿದಿದ್ದೆ. ತಪ್ಪು ಅದೇ. ಅಷ್ಟಗಲದ ಬಟ್ಟೆ ಹಡಗಿನ ಹಾಯಿ ಇದ್ದ ಹಾಗೆ. ಗಂಟೆಗೆ 40 ಕಿ.ಮೀ. ಗಾಳಿ ಬೀಸಿದ್ರೆ ನೂರು ಕಿಲೋ ಮೀರಿ ತಳ್ಳುತ್ತೆ; ವೇಗ ಎರಡರಷ್ಟಾದ್ರೆ ಒತ್ತಡ ನಾಲ್ಕರಷ್ಟು. ನೈಲಾನ್ ಹರಿಯಲಿಲ್ಲ, ಐಲೆಟ್ ಕಿತ್ತು ಬರಲಿಲ್ಲ, ಇಡೀ ಫ್ರೇಮೇ ಮುಂದಕ್ಕೆ ಬಿತ್ತು. ಫ್ರೇಮ್ ಬೀಳದ ಹಾಗೆ ಅದರ ತುದಿಯಿಂದ ನೆಲದ ಗೂಟಕ್ಕೆ ಬಿಗಿಯೋ ಎಳೆಹಗ್ಗ ಹಿಂದುಗಡೆ ಕಟ್ಟಿರಲೇ ಇಲ್ಲ. ಕೆಳಗಿದ್ದ ಸ್ಪೀಕರ್ ಚೂರಾಯ್ತು.

ಮೇಲಂಚನ್ನು ಮಾತ್ರ ಗಟ್ಟಿಯಾಗಿ ಕಟ್ಟಿ. ಪಕ್ಕಗಳಿಗೆ ಹಳೇ ಸೈಕಲ್ ಟ್ಯೂಬ್ ಅಡ್ಡ ಕತ್ತರಿಸಿದ ರಬ್ಬರ್ ಉಂಗುರ, ಕೆಳಗೆ ತೆಳ್ಳಗಿನ ಹತ್ತಿ ದಾರ. ಬಿರುಗಾಳಿಗೆ ಮೊದಲು ದಾರ ಹರಿಯಬೇಕು, ಬಟ್ಟೆ ಬಾವುಟದ ಥರ ಹಾರಬೇಕು, ಫ್ರೇಮ್ ನಿಲ್ಲಬೇಕು. ಪರದೆಗೆ ತೂತು ಮಾಡಿ ಅನ್ನೋರ ಮಾತು ಕೇಳಬೇಡಿ. ನಾಲ್ಕು ತೂತಿಂದ ಒತ್ತಡ ಇಳಿಯಲ್ಲ, ಬಟ್ಟೆ ಅಲ್ಲಿಂದಲೇ ಸೀಳುತ್ತೆ. ಎಳೆಹಗ್ಗ ಮುಂದೆರಡು, ಹಿಂದೆರಡು. ಫ್ರೇಮ್ 13 ಅಡಿ ಎತ್ತರ ಇದ್ರೆ ಗೂಟವೂ ಬುಡದಿಂದ 13 ಅಡಿ ದೂರ ಇರಲಿ. ಗೂಟ ಇಳಿಯದ ನೆಲವಾದ್ರೆ ಒಂದೊಂದು ಹಗ್ಗಕ್ಕೆ 200 ಲೀಟರಿನ ನೀರು ತುಂಬಿದ ಡ್ರಮ್. 20 ಲೀಟರ್ ಕ್ಯಾನ್ ತಮಾಷೆಗಷ್ಟೇ. ಪರದೆಯ ಮುಂದೆ 15 ಅಡಿ ಯಾರನ್ನೂ ಕೂರಿಸಬೇಡಿ.

ಪ್ರೊಜೆಕ್ಟರಿನಲ್ಲಿ ಉಳಿಸಿದ ದುಡ್ಡು ಸ್ಪೀಕರಿಗೆ ಹಾಕಿ. ಹಿಂದಿನವರಿಗೆ ಕೇಳಿಸಲಿ ಅಂತ 50 ಅಡಿ ಹಿಂದೆ ಇನ್ನೊಂದು ಜೋಡಿ ಇಟ್ರೆ, ಅದಕ್ಕೆ 45 ಮಿಲಿಸೆಕೆಂಡ್ ಡಿಲೇ ಕೊಡಿ, ಅಂದ್ರೆ ಅದರ ಸದ್ದು ಅಷ್ಟು ತಡವಾಗಿ ಹೊರಡಲಿ. ಇಲ್ಲಾಂದ್ರೆ ಮಾತು ಎರಡೆರಡಾಗಿ ಕೇಳುತ್ತೆ.

ಆಮೇಲೆ, ಪರದೆ ಇಳಿಸೋ ಹಗ್ಗದ ಪಕ್ಕ ಒಬ್ಬರನ್ನ ಕೂರಿಸಿ. ಅವರು ಸಿನಿಮಾ ನೋಡಬಾರದು. ಎಳೆಹಗ್ಗ ಗುಂಯ್‌ಗುಟ್ಟಿದ್ರೆ ಯಾರನ್ನೂ ಕೇಳದೆ ಇಳಿಸಲಿ, ಕ್ಲೈಮ್ಯಾಕ್ಸ್ ನಡೀತಿದ್ರೂ.