ಐಸ್‌ಲ್ಯಾಂಡ್‌ನಲ್ಲಿ ಆರು ವಾರ, ಕಾರಿಲ್ಲದೆ, ಟೆಂಟು ಹೊತ್ತುಕೊಂಡು ಸುತ್ತುವುದು ಹೇಗೆ?

ಜೂನ್ 1ಕ್ಕೆ ಹೊರಟು ಆರು ವಾರ ಸುತ್ತಬೇಕು, ಮೊದಲ ವಾರದಲ್ಲೇ ಲೌಗವೆಗುರ್ ಚಾರಣ ಮುಗಿಸಬೇಕು, ಖರ್ಚು ಎಲ್ಲಿ ಉಳಿಯುತ್ತದೆ ಎಂದು ಕೇಳಿದ್ದೀರಿ.

ಮೊದಲು ತಾರೀಖು ಬದಲಿಸಿ. ಒಳನಾಡಿನ ಎತ್ತರದ ಪ್ರದೇಶಕ್ಕೆ ಹೋಗುವ ರಸ್ತೆಗಳು (ಹೆಸರಿನ ಮುಂದೆ ‘ಎಫ್’ ಇರುವವು) ಹಿಮ ಕರಗಿ ನೆಲ ಒಣಗುವವರೆಗೆ ಮುಚ್ಚಿರುತ್ತವೆ. ಬಹುತೇಕ ವರ್ಷ ಅವು ತೆರೆಯುವುದು ಜೂನ್ ಕೊನೆಯ ಹೊತ್ತಿಗೆ. ಅಲ್ಲಿಯವರೆಗೆ ಚಾರಣ ಶುರುವಾಗುವ ಲಾಂಡ್‌ಮನ್ನಲೌಗರ್‌ಗೆ ಬಸ್ಸೇ ಹೋಗುವುದಿಲ್ಲ. ಜುಲೈ ಮೊದಲ ವಾರಕ್ಕೆ ಇಳಿದು ಆಗಸ್ಟ್ ಮಧ್ಯಕ್ಕೆ ಮರಳುವಂತೆ ನೋಡಿಕೊಳ್ಳಿ. ಷೆಂಗೆನ್ (ಐಸ್‌ಲ್ಯಾಂಡ್ ಕೂಡ ಸೇರಿರುವ ಯುರೋಪಿನ ಏಕ ವೀಸಾ ವಲಯ) ನಿಯಮದಲ್ಲಿ 180 ದಿನಕ್ಕೆ 90 ದಿನ ಸಿಗುವುದರಿಂದ ಆರು ವಾರಕ್ಕೆ ಅಡ್ಡಿಯಿಲ್ಲ. ವೀಸಾ ಬೇಕಾದವರು ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ತೋರಿಸಬೇಕು. ಪಾಲಿಸಿಯಲ್ಲಿ ಚಾರಣಕ್ಕೂ ರಕ್ಷಣೆ ಇದೆಯೇ ಎಂದು ಓದಿ ನೋಡಿ.

ಲೌಗವೆಗುರ್ ಸುಮಾರು 55 ಕಿ.ಮೀ., ಸಾಮಾನ್ಯವಾಗಿ ನಾಲ್ಕು ದಿನ, ಥೋರ್ಸ್‌ಮೋರ್ಕ್‌ನಲ್ಲಿ ಮುಗಿಯುತ್ತದೆ. ಅಲ್ಲಿಂದ ಫಿಮ್‌ವೋರ್ದುಹಾಲ್ಸ್ ಎಂಬ ಎತ್ತರದ ಕಣಿವೆದಾರಿ ಹತ್ತಿ ಸ್ಕೋಗರ್‌ಗೆ ಇಳಿದರೆ ಇನ್ನೊಂದು 25 ಕಿ.ಮೀ. ನಾಲ್ಕು ದಿನದ ದಾರಿಗೆ ಆರು ದಿನದ ಊಟ ಹೊರಿ, ಆರು ದಿನವನ್ನೇ ಕ್ಯಾಲೆಂಡರ್‌ನಲ್ಲಿ ಇಡಿ. ಮಾರನೆಯ ದಿನಕ್ಕೆ ಬಸ್ಸೋ ವಿಮಾನವೋ ಬುಕ್ ಮಾಡಿಕೊಂಡವರೇ ಕೆಟ್ಟ ಹವೆಯಲ್ಲೂ ಹೊರಟುಬಿಡುವುದು. ಮೊದಲ ತಂಗುದಾಣ ಹ್ರಾಫ್ನ್‌ಟಿನ್ನುಸ್ಕೇರ್ ಸಾವಿರ ಮೀಟರಿಗೂ ಮೇಲಿದೆ, ಜುಲೈಯಲ್ಲೂ ಹಿಮದ ಮೇಲೆ ನಡೆಯಬೇಕು. 2004ರ ಜೂನ್ ಕೊನೆಯಲ್ಲಿ ಆ ತಂಗುದಾಣದ ಹತ್ತಿರದಲ್ಲೇ ಹಿಮಗಾಳಿಗೆ ಸಿಕ್ಕಿ ಒಬ್ಬ ಯುವ ಚಾರಣಿಗ ತೀರಿಕೊಂಡ.

ಹವಾಮಾನ ಇಲಾಖೆಯ ತಾಣದಲ್ಲಿ ಗಾಳಿಯ ವೇಗ ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿರುತ್ತದೆ. 3.6ರಿಂದ ಗುಣಿಸಿ. 15 ಎಂದಿದ್ದರೆ ಗಂಟೆಗೆ 54 ಕಿ.ಮೀ. ಅಂಥ ದಿನ ಕಣಿವೆದಾರಿ ಹತ್ತಬೇಡಿ, ಕೆಳಗೇ ಉಳಿಯಿರಿ.

ಮಳೆಗಿಂತ ಗಾಳಿಯೇ ಟೆಂಟಿನ ಶತ್ರು. ಟೆಂಟಿನ ಜೊತೆ ಬರುವ ತೆಳ್ಳನೆಯ ಗೂಟಗಳು ಅಲ್ಲಿನ ಕಪ್ಪು ಮರಳಿನಲ್ಲಿ ಬೆಣ್ಣೆಯಲ್ಲಿ ಚುಚ್ಚಿದ ಹಾಗೆ ಇಳಿಯುತ್ತವೆ, ಹಾಗೆಯೇ ಕಿತ್ತುಬರುತ್ತವೆ. 20 ಸೆಂ.ಮೀ.ಗಿಂತ ಉದ್ದದ, ಅಗಲ ಅಂಚಿನ ಗೂಟ ಎಂಟಾದರೂ ಇರಲಿ. ಗಾಳಿ ಬರುವ ಕಡೆಯ ಹಗ್ಗಗಳಿಗೆ ಗೂಟದ ಮೇಲೆ ಕಲ್ಲು ಹೇರಿ. ಪಾಚಿಯೊಳಗೆ ಹುದುಗಿರುವ ಕಲ್ಲು ಮಾತ್ರ ಎಬ್ಬಿಸಬೇಡಿ, ಆ ಗಾಯ ಮುಚ್ಚಲು ದಶಕಗಳೇ ಬೇಕು. ಮಲಗುವ ಚೀಲದ ‘ಕಂಫರ್ಟ್’ ಅಂಕಿ (ಆರಾಮವಾಗಿ ನಿದ್ದೆ ಮಾಡಬಹುದಾದ ತಾಪಮಾನ) 0 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಲಿ. ರಾತ್ರಿಯೂ ಬೆಳಕಿರುವುದರಿಂದ ಕಣ್ಣುಪಟ್ಟಿ ಬೇಕೇ ಬೇಕು.

ಇನ್ನು ನದಿ ದಾಟುವುದು. ಆಲ್ಫ್ಟವಾಟ್ನ್‌ನಿಂದ ಎಮ್‌ಸ್ಟ್ರೂರ್‌ಗೆ ಹೋಗುವ ದಿನ ಬ್ಲಾಫ್ಯಾಟ್ಲಕ್ವೀಸ್ಲ್ ನದಿ ಸಿಗುತ್ತದೆ, ಸೇತುವೆಯಿಲ್ಲ. ಹಿಮನದಿಯ ನೀರು ಬಿಸಿಲೇರಿದಂತೆ ಏರುತ್ತದೆ, ಸಂಜೆಗೆ ಜೋರಾಗಿರುತ್ತದೆ. ಬೆಳಗ್ಗೆಯೇ ದಾಟಿ. ಎಲ್ಲರೂ ತಪ್ಪುವುದು ಇಲ್ಲಿ: ನದಿ ಕಿರಿದಾಗಿರುವ ಜಾಗ ಹುಡುಕುತ್ತಾರೆ. ಕಿರಿದಾದಲ್ಲಿ ಆಳವೂ ಸೆಳೆತವೂ ಹೆಚ್ಚು. ಹರವಾಗಿ ನಾಲ್ಕೈದು ಕವಲಾಗಿ ಹರಿಯುವಲ್ಲಿ ಇಳಿಯಿರಿ. ಬೆನ್ನುಚೀಲದ ಸೊಂಟದ ಪಟ್ಟಿ ಬಿಚ್ಚಿಡಿ. ಬಿದ್ದರೆ ಚೀಲ ಕಳಚಿಕೊಳ್ಳಲು ಅದೇ ದಾರಿ. ಬರಿಗಾಲು ಬೇಡ, ಹಿಂಬದಿ ಪಟ್ಟಿಯಿರುವ ಚಪ್ಪಲಿ ಹಾಕಿ. ಪ್ರವಾಹದ ಕಡೆ ಮುಖ ಮಾಡಿ, ಕೋಲು ಊರಿ, ಒಮ್ಮೆಗೆ ಒಂದೇ ಹೆಜ್ಜೆ ಅಡ್ಡಡ್ಡ ಇಡಿ. ರಭಸದ ನೀರು ಮಂಡಿ ದಾಟಿದರೆ ಹಿಂದಿರುಗಿ.

ದುಡ್ಡಿನ ವಿಷಯ. ಟೆಂಟಿನಲ್ಲಿ ಮಲಗುವವರಿಗೆ ಜೇಬು ಖಾಲಿಯಾಗುವುದು ಬಸ್ಸು ಮತ್ತು ಹೋಟೆಲ್ ಊಟದಿಂದ. ಬೋನಸ್ ಅಥವಾ ಕ್ರೋನನ್ ಅಂಗಡಿಯಲ್ಲಿ ಓಟ್ಸ್, ಪಾಸ್ತಾ, ಬೆಣ್ಣೆ, ಕಡಲೆಕಾಯಿ ಬೆಣ್ಣೆ ಕೊಂಡು ನೀವೇ ಬೇಯಿಸಿಕೊಳ್ಳಿ. ದಿನಕ್ಕೆ 650-700 ಗ್ರಾಂ ಒಣ ಆಹಾರ ಲೆಕ್ಕ ಹಾಕಿ. ಪ್ರಯಾಣಿಕರು 3 ಕಿಲೋವರೆಗೆ ತಿನಿಸು ಸುಂಕವಿಲ್ಲದೆ ತರಬಹುದು, ಹಸಿ ಮಾಂಸ ತರುವಂತಿಲ್ಲ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯಲಾಗದು. ರೇಕ್ಯಾವಿಕ್ ಕ್ಯಾಂಪಿಂಗ್ ತಾಣದಲ್ಲಿ ಊರಿಗೆ ಮರಳುವವರು ಬಿಟ್ಟುಹೋದ ಅರ್ಧ ಡಬ್ಬಿಗಳ ಕಪಾಟು ಮೊದಲು ನೋಡಿ, ಆಮೇಲೆ ಅಂಗಡಿಗೆ ಹೋಗಿ. ದಿನಕ್ಕೆ ಒಂದೂವರೆ ಲೀಟರ್ ಕುದಿಸಿದರೆ 230 ಗ್ರಾಂ ಡಬ್ಬಿ ಒಬ್ಬರಿಗೆ ಎಂಟು-ಹತ್ತು ದಿನ, ಗಾಳಿಗೆ ಮರೆಯಿಲ್ಲದಿದ್ದರೆ ಅದರ ಅರ್ಧ. ಬಾಟಲಿ ನೀರು ಕೊಳ್ಳಬೇಡಿ, ನಲ್ಲಿಯ ತಣ್ಣೀರೇ ಸೊಗಸು. ಬಿಸಿನೀರಿಗೆ ಗಂಧಕದ ವಾಸನೆ ಇರುತ್ತದೆ, ಅದು ಸ್ನಾನಕ್ಕೆ. ಊರೂರಿನ ಈಜುಕೊಳಗಳಲ್ಲಿ ಬಿಸಿನೀರ ಸ್ನಾನ ಸಿಗುತ್ತದೆ, ಕೊಳಕ್ಕಿಳಿಯುವ ಮುನ್ನ ಬಟ್ಟೆಯಿಲ್ಲದೆ ಸೋಪು ಹಚ್ಚಿ ತೊಳೆಯುವುದು ಕಡ್ಡಾಯ.

ಉಳಿದ ವಾರಗಳಿಗೆ ನನ್ನ ಆಯ್ಕೆ ಎರಡು. ಒಂದು, ಆಸ್‌ಬಿರ್ಗಿಯಿಂದ ದೆಟ್ಟಿಫಾಸ್ ಜಲಪಾತದವರೆಗೆ ಕಣಿವೆಯಂಚಿನ ಎರಡು ದಿನದ ನಡಿಗೆ, ರಾತ್ರಿ ವೆಸ್ತುರ್‌ದಾಲುರ್‌ನಲ್ಲಿ. ಇನ್ನೊಂದು ವಾಯವ್ಯದ ಹಾರ್ನ್‌ಸ್ಟ್ರಾಂಡಿರ್. ರಸ್ತೆಯೂ ಇಲ್ಲ, ಅಂಗಡಿಯೂ ಇಲ್ಲ. ಈಸಾಫ್ಯೋರ್ದುರ್‌ನಿಂದ ದೋಣಿಯಲ್ಲಿ ಹೋಗಬೇಕು. ಸಮುದ್ರ ಕೆಟ್ಟರೆ ದೋಣಿ ಬರುವುದಿಲ್ಲ, ಹಾಗಾಗಿ ಎರಡು ದಿನದ ಹೆಚ್ಚುವರಿ ಊಟ ಮುಟ್ಟದೆ ಇಟ್ಟುಕೊಳ್ಳಿ, ಅದನ್ನು ಆರ್ಕ್ಟಿಕ್ ನರಿಗೆ ಸಿಗದಂತೆ ಕಟ್ಟಿಡಿ. ಹೊರಡುವ ಮುನ್ನ ನಿಮ್ಮ ದಾರಿ, ಮರಳುವ ದಿನ ಎರಡನ್ನೂ ಸೇಫ್‌ಟ್ರಾವೆಲ್ ತಾಣದಲ್ಲಿ ದಾಖಲಿಸಿ, ಫೋನಿನಲ್ಲಿ 112 (ಅಲ್ಲಿನ ತುರ್ತು ಸಹಾಯ ಸಂಖ್ಯೆ) ಆ್ಯಪ್ ಹಾಕಿಕೊಳ್ಳಿ.